ರೈಮೊ ಮಾತು ಬಿಟ್ಟ ವರ್ಷ

ನಮ್ಮ ಹಾಪಲಹ್ತಿಯಲ್ಲಿ ವರ್ಷವಿಡೀ ಆಡುವ ಮಾತುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಅದರಲ್ಲಿ ಮುಕ್ಕಾಲು ಪಾಲು ರೈಮೊನದು. ಉಳಿದ ಕಾಲು ಪಾಲಿನಲ್ಲಿ ಹೆಚ್ಚಿನದು "ಹೂಂ".

ಫಿನ್ಲೆಂಡಿನ ಈ ಮೂಲೆಯಲ್ಲಿ ಇಬ್ಬರು ಬಸ್ಸಿಗೆ ಕಾಯುತ್ತ ನಿಂತರೆ ನಡುವೆ ಒಂದು ಹಸು ಅಡ್ಡಾಡುವಷ್ಟು ಜಾಗ ಬಿಡುತ್ತೇವೆ. ಮಾತು ನಮಗೆ ಹಬ್ಬದ ಪಿಂಗಾಣಿ ತಟ್ಟೆ ಇದ್ದ ಹಾಗೆ, ಕಪಾಟಿನಲ್ಲಿದ್ದರೇ ಚೆನ್ನ. ರೈಮೊ ಅದನ್ನು ದಿನಾ ಹೊರಗೆ ತೆಗೆಯುತ್ತಿದ್ದ. ಹವೆಯ ವಿಷಯದಲ್ಲಿ ಶುರುಮಾಡಿ ತನ್ನ ಪಿತ್ತಕೋಶದ ಆಪರೇಷನ್‌ವರೆಗೆ ಒಂದೇ ಉಸಿರಿನಲ್ಲಿ ಹೋಗುತ್ತಿದ್ದ. ಅವನ ಕಾರು ಅಂಗಡಿಯ ಮುಂದೆ ನಿಂತಿರುವುದು ಕಂಡರೆ, ಇವತ್ತು ಹಾಲಿಲ್ಲದ ಕಾಫಿಯೇ ಸಾಕು ಎಂದು ಜನ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು.

ಅವನ ಬಾಳಿನ ದೊಡ್ಡ ಆಸೆ ಈಡೇರದೆ ಉಳಿದದ್ದೂ ಇದೇ ಕಾರಣಕ್ಕೆ. ಮೂಸ್ ಬೇಟೆಯ ಮುಖಂಡನಾಗಬೇಕೆಂಬುದು ಆ ಆಸೆ. ಮೂಸ್ ಎಂದರೆ ಕುದುರೆಗಿಂತ ಎತ್ತರದ, ಎಮ್ಮೆಗಿಂತ ಮೊಂಡು ಪ್ರಾಣಿ. ಶರತ್ಕಾಲದಲ್ಲಿ ಊರಿನ ಅರ್ಧ ಜನ ಸೇರಿ ಅದನ್ನು ಬೇಟೆಯಾಡುತ್ತೇವೆ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಗುಂಡು ಹಾರಿಸಬೇಕು ಎನ್ನುವುದು ಮುಖಂಡನ ಮಾತು. ಅವನಿಗೆ ಕೊಂಬಿನ ಬಿಲ್ಲೆ ಚುಚ್ಚಿದ ಒಂದು ಟೋಪಿ ಇದೆ. ಪಾರ್ಲಿಮೆಂಟಿಗೆ ಆರಿಸಿಬರುವುದು ಅದಕ್ಕಿಂತ ಸುಲಭ, ಗೌರವವೂ ಅದಕ್ಕಿಂತ ಕಡಿಮೆ. ರೈಮೊನ ಅಪ್ಪನ ತಲೆಯ ಮೇಲೆ ಆ ಟೋಪಿ ಇತ್ತು. ಮಗನ ಹೆಸರು ಬಂದಾಗಲೆಲ್ಲ ಆಗಿನ ಮುಖಂಡ ಕಾಲೆವಿ ಒಂದೇ ಮಾತು ಹೇಳುತ್ತಿದ್ದ. ರೈಮೊ ಒಳ್ಳೆಯವನೇ, ಆದರೆ ಮೂಸಿಗೂ ಕಿವಿ ಇದೆಯಲ್ಲ.

ಹೀಗಿರುವಾಗ ಒಂದು ವಸಂತದಲ್ಲಿ ರೈಮೊನ ಹಳೆಯ ಫೋನು ಸೌನಾದ ಮೇಲಿನ ಬೆಂಚಿನಲ್ಲಿ ಬೆಂದುಹೋಯಿತು. ಬೆವರುತ್ತ ಕೂರುವ ಆ ಬಿಸಿ ಕೋಣೆಯಲ್ಲೂ ಅವನಿಗೆ ಯಾರದಾದರೂ ಕಿವಿ ಬೇಕಿತ್ತು.

ಪೇಟೆಯ ಫೋನಂಗಡಿಯಲ್ಲಿ ಊರಿನವರೆಲ್ಲ ಕೊಳ್ಳುವ ಫೋನು ಅವನಿಗೆ ಬೇಡವಾಯಿತು. ಅವು ಅಜ್ಜಿಯರ ಫೋನುಗಳು ಎಂದ. ಹೊರದೇಶದಿಂದ ಇಟ್ಟಿಗೆಯಷ್ಟು ದಪ್ಪದ ಒಂದನ್ನು ತರಿಸಿಕೊಂಡು, ಸಿಮ್ ಹಾಕಿಸಲು ಮಾತ್ರ ಹೆಂಡತಿ ಸಿರ್ಕಾಳ ಜೊತೆ ಅಂಗಡಿಗೆ ಹೋದ. ಅಲ್ಲಿನ ಹುಡುಗಿ ವಿಲ್ಮಾ ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿದಳು. ರೈಮೊ ಅದರ ಗುಣಗಾನ ಶುರುಮಾಡಿದ. ಲಾರಿ ಹತ್ತಿದರೂ ಒಡೆಯುವುದಿಲ್ಲ. ನೀರಿನೊಳಗೆ ಫೋಟೋ ತೆಗೆಯುತ್ತದೆ. ಯಾವ ವಸ್ತು ಎಷ್ಟು ಬಿಸಿ ಇದೆ ಎಂದೂ ತೋರಿಸುತ್ತದೆ. ಬೇಕಾದರೆ ನೋಡು ಎಂದು ವಿಲ್ಮಾಳ ಮೂಗಿನ ಉಷ್ಣಾಂಶವನ್ನು ಅವಳಿಗೇ ತೋರಿಸಿದ.

"ಇದರಲ್ಲಿ ಮಾತಾಡೋಕೆ ಬರತ್ತಾ?" ಎಂದು ವಿಲ್ಮಾ ಕೇಳಿದಳು.

"ಫೋನು ಕಣಮ್ಮ ಇದು."

ವಿಲ್ಮಾ ವಿವರಿಸಿ ಹೇಳಿದಳು. "ನೆಟ್‌ವರ್ಕಿನ ಹಳೇ ದಾರಿ ಮುಚ್ಚಿಬಿಟ್ಟಿದ್ದಾರೆ. ಈಗ ಮಾತೆಲ್ಲ ಹೊಸ ದಾರೀಲಿ ಹೋಗ್ಬೇಕು. ಅದಕ್ಕೆ ನಮ್ಮ ಕಂಪನಿ ಈ ಫೋನನ್ನ ಒಪ್ಪಿರ್ಬೇಕು. ಇದನ್ನ ಒಪ್ಪಿಲ್ಲ. ನಿಮಗೆ ಅವರ ಮಾತು ಕೇಳಿಸತ್ತೆ, ಅವರಿಗೆ ನಿಮ್ದು ಕೇಳಿಸದೆ ಹೋಗ್ಬಹುದು. ಬೇರೆ ತಗೊಳ್ಳಿ."

ಇಷ್ಟನ್ನೂ ಅವಳು ಹೇಳುವಾಗ ರೈಮೊ ತಾನೂ ಮಾತಾಡುತ್ತಿದ್ದ. ಆ ಅಂಗಡಿಯ ಕಾಫಿ ಯಂತ್ರದ ಶಾಖ ಅಳೆದು, ಅದು ಸಾಲದೆಂದು ತೀರ್ಮಾನ ಕೊಡುತ್ತಿದ್ದ. ಕೇಳಿಸಿಕೊಂಡದ್ದು ಸಿರ್ಕಾ ಒಬ್ಬಳೇ.

"ಇವನ ಮಾತು ಯಾರಿಗೂ ಕೇಳಿಸಲ್ವಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಫೋನಲ್ಲಿ ಕೇಳಿಸಲ್ಲ."

ಸಿರ್ಕಾ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು.

"ಸಿಮ್ ಹಾಕಿಕೊಡು," ಎಂದಳು.

ಮೊದಲು ಫೋನು ಮಾಡಿದವನು ಪಕ್ಕದ ಮನೆಯ ಉಂಟೊ. ದೋಣಿ ಸಾಗಿಸುವ ಟ್ರೈಲರ್ ಒಂದು ದಿನಕ್ಕೆ ಸಿಗುತ್ತದೆಯೇ ಎಂದು ಕೇಳಿದ. ರೈಮೊ ಕೊಡುವುದಿಲ್ಲ ಎಂದ. ಕಳೆದ ಸಲ ದೀಪ ಒಡೆದು ತಂದದ್ದನ್ನು ಹೇಳಿದ. ಉಂಟೊನ ಅಪ್ಪ ಗರಗಸ ತೆಗೆದುಕೊಂಡು ಹೋಗಿ, ವಾಪಸು ಕೊಡದೆ ಸತ್ತೇಹೋದದ್ದನ್ನು ಹೇಳಿದ. ಆ ವಂಶದ ಕೈಗುಣವನ್ನು ಬೇರಿನಿಂದ ಶುರುಮಾಡಿ ವರ್ಣಿಸಿದ. ಉಂಟೊನಿಗೆ ಕೇಳಿಸಿದ್ದು ಬರೀ ನಿಶ್ಶಬ್ದ.

ಬೇರೆ ಯಾವ ದೇಶದಲ್ಲಾದರೂ ಅವನು ಹಲೋ ಹಲೋ ಎಂದು ಕಿರುಚಿ ಫೋನು ಕುಕ್ಕುತ್ತಿದ್ದ. ನಮ್ಮಲ್ಲಿ ಹಾಗೆ ಮಾಡುವುದು ಮರ್ಯಾದೆಯಲ್ಲ. ಎದುರಿನವನು ಸುಮ್ಮನಿದ್ದರೆ ಯೋಚಿಸುತ್ತಿದ್ದಾನೆ ಎಂದರ್ಥ. ತುಂಬ ಹೊತ್ತು ಸುಮ್ಮನಿದ್ದರೆ ಒಪ್ಪಿದ ಎಂದರ್ಥ. ಉಂಟೊ ಮರ್ಯಾದಸ್ಥ. ಕಾಯುವಷ್ಟು ಕಾದು, "ಸರಿ ಹಾಗಾದ್ರೆ" ಎಂದು ಫೋನಿಟ್ಟ. ಆಮೇಲೆ ಬಂದು ಟ್ರೈಲರನ್ನು ತನ್ನ ಕಾರಿಗೆ ಕಟ್ಟಿಕೊಂಡ.

ರೈಮೊ ಕಿಟಕಿಯಿಂದ ಇದನ್ನು ನೋಡಿ ಅಂಗಳಕ್ಕೆ ಓಡಿಬಂದ. ಆದರೆ ಇಷ್ಟು ಬೈಸಿಕೊಂಡೂ ಬಂದಿರುವ ಮನುಷ್ಯನಿಗೆ ಇನ್ನೇನು ಹೇಳುವುದು?

"ನಾನು ಹೇಳೋದನ್ನೆಲ್ಲ ಫೋನಲ್ಲೇ ಹೇಳಿದ್ದೀನಿ. ಮತ್ತೆ ಬಾಯಿ ಬಿಡಲ್ಲ," ಎಂದು ಬಾಗಿಲು ಹಾಕಿಕೊಂಡ.

ಉಂಟೊ ಟೋಪಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದನಂತೆ. ಸಂಜೆ ಅಂಗಡಿಯಲ್ಲಿ ನನ್ನ ಹತ್ತಿರ ಬಂದು, "ರೈಮೊ ಬದಲಾಗಿದ್ದಾನೆ. ಫೋನಲ್ಲಿ ಒಂದೂ ಮಾತಾಡದೆ ಟ್ರೈಲರ್ ಕೊಟ್ಟ," ಎಂದ. ಉಂಟೊನ ಮಟ್ಟಿಗೆ ಅದೊಂದು ಉಪನ್ಯಾಸ.

ಮರುದಿನ ರೈಮೊ ತಾನೇ ಉಂಟೊನಿಗೆ ಫೋನು ಮಾಡಿ ಬೈದ. ಉಂಟೊ ಫೋನೆತ್ತಿದರೆ ರೈಮೊನ ಹೆಸರಿದೆ, ಮಾತಿಲ್ಲ. ಏನೂ ಹೇಳದೆ ಒಬ್ಬ ಮನುಷ್ಯ ಫೋನು ಹಿಡಿದುಕೊಂಡೇ ಇದ್ದಾನೆಂದರೆ ಅವನಿಗೆ ಏನೋ ಗೊತ್ತಾಗಿದೆ. ಉಂಟೊ ಸ್ವಲ್ಪ ಹೊತ್ತು ತಡೆದುಕೊಂಡು, ಹೋದ ಬೇಸಿಗೆಯಲ್ಲಿ ರೈಮೊನ ಬಲೆಯಿಂದ ಮೀನು ಕದ್ದದ್ದು ತಾನೇ ಎಂದು ಒಪ್ಪಿಕೊಂಡ. ಸಂಜೆಯೊಳಗೆ ಟ್ರೈಲರ್ ತೊಳೆದು ವಾಪಸು ಬಂತು. ಅದರ ಮೇಲೆ ಹೊಗೆಯಲ್ಲಿ ಬೇಯಿಸಿದ ಒಂದು ದೊಡ್ಡ ಮೀನೂ ಇತ್ತು.

ಬೈದರೆ ಜನ ಬಗ್ಗುತ್ತಾರೆ ಎಂದು ರೈಮೊ ಸಿರ್ಕಾಳಿಗೆ ಹೇಳಿದ. ಅಂದಿನಿಂದ ಅವನ ವ್ಯವಹಾರವೆಲ್ಲ ಫೋನಿನಲ್ಲೇ. ಎದುರಿನವರು ತಾನು ಕೇಳಿದ್ದಕ್ಕೆ ಉತ್ತರಿಸುತ್ತಿಲ್ಲವಲ್ಲ ಎಂಬ ಸಂಶಯ ಅವನಿಗೆ ಬರಲಿಲ್ಲ. ರೈಮೊ ಯಾವತ್ತೂ ಉತ್ತರಕ್ಕೆ ಜಾಗ ಬಿಟ್ಟವನಲ್ಲ.

ಊರಿನ ಪಾದ್ರಿ ಫೋನು ಮಾಡಿ ಚರ್ಚಿನ ಮಾಡಿನ ಸೋರಿಕೆಯಿಂದ ಹಿಡಿದು ತನ್ನ ಭಕ್ತಿಯ ಸೋರಿಕೆಯವರೆಗೆ ಎಲ್ಲವನ್ನೂ ತೋಡಿಕೊಂಡರು. ಈ ಊರಿಗೆ ಬಂದಮೇಲೆ ತನ್ನ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವನು ಇವನೊಬ್ಬನೇ ಎಂದು ಆಮೇಲೆ ಎಲ್ಲರಿಗೂ ಹೇಳಿದರು. ಅದೇ ಹೊತ್ತಿನಲ್ಲಿ ರೈಮೊ ಅವರ ಪ್ರವಚನಗಳ ಉದ್ದದ ಬಗ್ಗೆ ಕಟುವಾಗಿ ಮಾತಾಡುತ್ತಿದ್ದ ಎಂದು ನನಗೆ ಸಿರ್ಕಾ ಹೇಳಿದ್ದು ಬಹಳ ತಡವಾಗಿ. ಈ ಕಥೆಯಲ್ಲಿ ರೈಮೊನ ಮನೆಯೊಳಗಿನದೆಲ್ಲ ಅವಳು ಹೇಳಿದ್ದೇ.

ಸಿರ್ಕಾ ತಾನೂ ಸುಮ್ಮನಿರಲಿಲ್ಲ. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಒಂದು ದಿನ ಅಲ್ಲಿಂದ ಗಂಡನಿಗೆ ಫೋನು ಮಾಡಿ, ಮನೆಯ ಅಡುಗೆಮನೆಗೆ ಹಳದಿ ಬಣ್ಣ ಹೊಡೆಸಲೇ ಎಂದು ಕೇಳಿದಳು. ಬೇಡವೇ ಬೇಡ ಎಂದು ರೈಮೊ ಕೂಗಿದ. ಶನಿವಾರಕ್ಕೆ ಅಡುಗೆಮನೆ ಹಳದಿಯಾಗಿತ್ತು.

"ನಾನು ಬೇಡ ಅಂದೆನಲ್ಲ," ಎಂದ ರೈಮೊ.

"ನನಗೆ ಕೇಳಿಸಲಿಲ್ಲ," ಎಂದಳು ಸಿರ್ಕಾ. ಸುಳ್ಳಾಡುವ ಹೆಂಗಸಲ್ಲ ಅವಳು.

ಇದಾದ ಮೇಲೆ ರೈಮೊನಿಗೆ ಸಣ್ಣ ಅನುಮಾನ ಬಂದು ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದ. ಮಧ್ಯಾಹ್ನವೆಲ್ಲ ಪಿಟೀಲು ಕೇಳಿಸಿದ ಮೇಲೆ ಒಬ್ಬಳು ಬಂದು, ನಿಮ್ಮ ಧ್ವನಿ ನಮಗೆ ಕೇಳಿಸುತ್ತಿಲ್ಲ ಎಂದಳು. ರೈಮೊ ಜೋರಾಗಿ ಹೇಳಿದ. ಕೇಳಿಸುತ್ತಿಲ್ಲ ಎಂದಳು. ಅವನು ಅಂಗಳಕ್ಕೆ ಹೋಗಿ ಕೂಗಿದ. ಕೆರೆಯಾಚೆಯ ಮನೆಯಲ್ಲಿ ನಾಯಿ ಬೊಗಳಿತು, ಆದರೆ ಕಂಪನಿಗೆ ಕೇಳಿಸಲಿಲ್ಲ. ಅವಳು ಶುಭದಿನ ಹೇಳಿ ಇಟ್ಟಳು. ಒಡನೆ, ನಮ್ಮ ಸೇವೆ ನಿಮಗೆ ಹೇಗನ್ನಿಸಿತು ಎಂದು ಮೆಸೇಜು ಬಂತು.

"ನೋಡಿದ್ಯಾ, ಕಂಪನಿಗೇ ಕಿವುಡು. ನನ್ನ ಫೋನು ಪಾಪ ಏನು ಮಾಡತ್ತೆ," ಎಂದು ರೈಮೊ ಫೋನನ್ನು ಒರೆಸಿ ಜೇಬಿನಲ್ಲಿಟ್ಟ.

ಬೇಸಿಗೆ ಮುಗಿಯುವಾಗ ಕಾಲೆವಿಯ ಮಂಡಿಗಳು ಕೈಕೊಟ್ಟವು. ಹೊಸ ಮುಖಂಡನನ್ನು ಆರಿಸಲು ನಾವೆಲ್ಲ ಬೇಟೆಯ ಗುಡಿಸಲಿನಲ್ಲಿ ಸೇರಿದೆವು. ಸಿರ್ಕಾಳ ತಮ್ಮ ಎನ್ಸಿಯೊ ಅಂದು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಇದರಿಂದ ಅವನಿಗೂ ಆಸೆ ಇದೆಯೆಂದು ಎಲ್ಲರಿಗೂ ತಿಳಿಯಿತು. ರೈಮೊ ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದ. ಕಾಲೆವಿ ಅವನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಮೇಜಿನ ನಡುವೆ ಕಾಫಿ ಪಾತ್ರೆಯ ಪಕ್ಕದಲ್ಲಿಟ್ಟ.

"ರೈಮೊ, ಮುಖಂಡ ಆಗ್ತೀಯಾ?"

ಹಳದಿ ಅಡುಗೆಮನೆಯಲ್ಲಿ ರೈಮೊ ನೋವನ್ನೂ ಮರೆತು ಎದ್ದು ನಿಂತ. ಹರೆಯದಿಂದ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟಿದ್ದ ಭಾಷಣವನ್ನು ಅಪ್ಪನ ಹೆಸರಿನಿಂದ ಶುರುಮಾಡಿದ. ಬಟಾಣಿ ಬಿಡಿಸುತ್ತಿದ್ದ ಸಿರ್ಕಾ ಹೇಳುವ ಪ್ರಕಾರ ಭಾಷಣ ಚೆನ್ನಾಗಿಯೇ ಇತ್ತಂತೆ, ಪಿತ್ತಕೋಶ ಬರುವವರೆಗೆ.

ಗುಡಿಸಲಿನಲ್ಲಿ ಒಲೆಯ ಚಟಚಟ ಮಾತ್ರ. ಲೈನು ಕಟ್ಟಾಗಿರಬೇಕು ಎಂದ ಎನ್ಸಿಯೊ.

"ಕಟ್ಟಾಗಿಲ್ಲ. ಯೋಚನೆ ಮಾಡ್ತಿದ್ದಾನೆ. ಕೆಲವರಿಗೆ ಆ ಅಭ್ಯಾಸ ಇರತ್ತೆ," ಎಂದ ಕಾಲೆವಿ.

ನಾವು ಕಾದೆವು. ಕಾಫಿ ಆರಿತು. ಉಂಟೊ ಮೂಗು ಒರೆಸಿಕೊಂಡ. ಅಷ್ಟು ಉದ್ದದ ನಿಶ್ಶಬ್ದವನ್ನು ನಾನು ಸಾವಿನ ಮನೆಯಲ್ಲೂ ಕೇಳಿಲ್ಲ. ಕೊನೆಗೆ ಕಾಲೆವಿ ಎದ್ದು, ಇಷ್ಟು ಯೋಚಿಸಿ ಒಪ್ಪಿದವನು ನಡುವೆ ಬಿಟ್ಟು ಹೋಗುವುದಿಲ್ಲ ಎಂದ. ಎಲ್ಲರ ಕೈ ಮೇಲೆದ್ದವು. ಎನ್ಸಿಯೊನ ಕೈ ಕೊನೆಗೆ, ಅದೂ ಮೊಣಕೈವರೆಗೆ. ಟೋಪಿಯನ್ನು ನಾನೇ ರೈಮೊನ ಮನೆಗೆ ಒಯ್ದುಕೊಟ್ಟೆ. ಅದರ ಜೊತೆ ಕಾಲೆವಿ ಒಂದು ಷರತ್ತನ್ನೂ ಕಳಿಸಿದ್ದ. ಹಳೆಯ ಬಾಯಿಬಡುಕ ರೈಮೊ ಮತ್ತೆ ಬಂದರೆ ಟೋಪಿ ವಾಪಸು. ರೈಮೊ ಟೋಪಿಯನ್ನು ಮೂಸಿ ನೋಡಿದ, ಅಪ್ಪನ ತಲೆಯ ವಾಸನೆ ಇನ್ನೂ ಇದೆ ಎಂದ. ಷರತ್ತು ಕೇಳಿ ನಕ್ಕ. ತಾನೀಗ ಬಹಳ ಕಡಿಮೆ ಮಾತಾಡುತ್ತೇನೆ, ಎಲ್ಲ ಫೋನಿನಲ್ಲೇ ಮುಗಿಸುತ್ತೇನೆ ಎಂದ.

ಬೇಟೆಯ ದಿನ ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿ ನಿಂತು, ಒಂದೇ ಗುಂಪಿನ ಕರೆಯಲ್ಲಿ ಸೇರಿ, ಮುಖಂಡನ ಆಜ್ಞೆಗೆ ಕಿವಿ ಕೊಟ್ಟೆವು. ಕಿವಿಯಲ್ಲಿ ಏನೂ ಇಲ್ಲ. ಅಂದರೆ ಸುಮ್ಮನೆ ನಿಲ್ಲಿ ಎಂದು ಅರ್ಥಮಾಡಿಕೊಂಡು ಮರದಂತೆ ನಿಂತೆವು. ಅತ್ತ ಜೌಗಿನಂಚಿನಲ್ಲಿ ರೈಮೊ ದೊಡ್ಡ ಗಂಟಲಿನಲ್ಲಿ ಆಜ್ಞೆ ಕೊಡುತ್ತಿದ್ದ. ಉಂಟೊ ಕೆಮ್ಮಬೇಡ, ಬಲಗಡೆ ನೋಡು, ಎಲ್ಲರೂ ನಿಶ್ಶಬ್ದವಾಗಿರಿ. ಅವನ ಬೆನ್ನ ಹಿಂದಿನ ಪೊದೆಯಲ್ಲಿ ಮಲಗಿದ್ದ ಎರಡು ಮೂಸುಗಳಿಗೆ ಈ ಗಲಾಟೆ ಸಹಿಸಲಾಗಲಿಲ್ಲ. ಎದ್ದು ವಿರುದ್ಧ ದಿಕ್ಕಿಗೆ, ಅಂದರೆ ಉಂಟೊ ಮತ್ತು ನಾನು ನಿಂತಿದ್ದ ಕಡೆಗೇ ಬಂದು ನಮ್ಮ ಗುಂಡಿಗೆ ಬಿದ್ದವು.

ಒಂದು ಮಾತೂ ಆಡದೆ ಮೂಸನ್ನು ಮನೆಗೆ ಕರೆದ ನೆಂಟನಂತೆ ಕರೆತಂದನಲ್ಲ ಎಂದು ಕಾಲೆವಿ ಸಂಜೆಯವರೆಗೆ ತಲೆಯಾಡಿಸಿದ.

ಎನ್ಸಿಯೊ ಮಾತ್ರ ತಲೆಯಾಡಿಸಲಿಲ್ಲ. ಅವನು ನಿಂತಿದ್ದದ್ದು ರೈಮೊನ ಪಕ್ಕದ ಜಾಗದಲ್ಲಿ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಅವನ ಒಂದು ಕಿವಿಗೆ ಜೌಗಿನ ಮೇಲಿಂದ ರೈಮೊನ ಧ್ವನಿ ಬರುತ್ತಿತ್ತು. ಫೋನು ಹಿಡಿದಿದ್ದ ಇನ್ನೊಂದು ಕಿವಿಗೆ ಏನೂ ಬರುತ್ತಿರಲಿಲ್ಲ. ಎನ್ಸಿಯೊ ನಿಧಾನಸ್ಥ, ಆದರೆ ದಡ್ಡನಲ್ಲ. ಮರುದಿನ ವಿಲ್ಮಾಳ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ನೇರ ಹಳದಿ ಅಡುಗೆಮನೆಗೆ ಬಂದ.

"ಭಾವ, ವಸಂತದಿಂದ ಈಚೆಗೆ ಫೋನಲ್ಲಿ ನಿನ್ನ ಮಾತು ಒಬ್ಬರಿಗೂ ಕೇಳಿಸಿಲ್ಲ," ಎಂದ.

ರೈಮೊ ನಕ್ಕ. ಆಮೇಲೆ ಸಿರ್ಕಾಳ ಕಡೆ ನೋಡಿದ. ಅವಳು ಆಲೂಗಡ್ಡೆ ಸುಲಿಯುತ್ತಲೇ ಇದ್ದಳು. ಸರಿ, ಪರೀಕ್ಷೆ ಮಾಡೋಣ ಎಂದು ಎನ್ಸಿಯೊ ಅಂಗಳಕ್ಕೆ ಹೋಗಿ ನಿಂತು ಫೋನು ಮಾಡಿದ. ರೈಮೊ ಮುಚ್ಚಿದ ಕಿಟಕಿಯ ಒಳಗಿನಿಂದ, ಫೋನಿನಲ್ಲಿ, ಎನ್ಸಿಯೊ ನೀನು ಕತ್ತೆ ಎಂದ. ಎನ್ಸಿಯೊ ಅಂಗಳದಲ್ಲಿ ಶಾಂತವಾಗಿ ಮೋಡ ನೋಡುತ್ತಿದ್ದ. ರೈಮೊ ಸ್ವಲ್ಪ ಯೋಚಿಸಿ ಎನ್ಸಿಯೊನ ಬೇಟೆನಾಯಿಯ ಬಗ್ಗೆ, ಅದರ ಮೂಗಿನ ಬಗ್ಗೆ, ಅದರ ತಾಯಿಯ ನಡತೆಯ ಬಗ್ಗೆ ಹೇಳಬಾರದ್ದನ್ನು ಹೇಳಿದ. ಎನ್ಸಿಯೊ ಶಾಂತವಾಗಿಯೇ ಇದ್ದ. ಹೆಂಡತಿಯ ಬಗ್ಗೆ ಅಂದರೆ ಸಹಿಸುವ ಗಂಡಸರು ನಮ್ಮೂರಿನಲ್ಲಿದ್ದಾರೆ, ನಾಯಿಯ ಬಗ್ಗೆ ಅಂದರೆ ಸಹಿಸುವವರಿಲ್ಲ. ರೈಮೊ ಕುರ್ಚಿಯಲ್ಲಿ ಕುಸಿದ.

ಎನ್ಸಿಯೊ ಒಳಗೆ ಬಂದು ಶೂ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದ. "ನಾನು ಯಾರಿಗೂ ಹೇಳಲ್ಲ ಭಾವ. ಹೇಳೋ ಅಗತ್ಯವೇ ಇಲ್ಲ. ಶನಿವಾರ ಊರೂಟ. ಮುಖಂಡ ಎದ್ದು ಭಾಷಣ ಮಾಡ್ಬೇಕು. ಅಲ್ಲಿ ಫೋನಿರಲ್ಲ, ಬಾಯಿ ಇರತ್ತೆ. ನಿನ್ನ ಬಾಯಿ ನನಗೆ ಗೊತ್ತು. ಟೋಪಿ ಒಗೆಸಿಡು, ನನಗೆ ನಿನ್ನ ಬೆವರು ಬೇಡ."

ರೈಮೊ ಪೇಟೆಗೆ ಓಡಿದ. ವಿಲ್ಮಾ ಹೇಳಿದ್ದು ಇಷ್ಟೇ. ಈ ಫೋನನ್ನು ಒಪ್ಪಿಕೊಳ್ಳಿ ಎಂದು ಕಂಪನಿಗೆ ಅರ್ಜಿ ಹಾಕಿದ್ದೇನೆ, ಅವರು ದಾರಿ ತೆರೆದರೆ ತಾನಾಗಿಯೇ ಸರಿಹೋಗುತ್ತದೆ. ಮುಂದಿನ ವಾರವೋ ಮುಂದಿನ ವರ್ಷವೋ ಅವರು ನನಗೂ ಹೇಳುವುದಿಲ್ಲ.

ಶನಿವಾರ ಇಡೀ ಊರು ಯುವಕ ಸಂಘದ ಸಭಾಂಗಣದಲ್ಲಿತ್ತು. ಮಗುವನ್ನು ಸ್ನಾನ ಮಾಡಿಸುವಷ್ಟು ದೊಡ್ಡ ಹಂಡೆಯಲ್ಲಿ ಮೂಸ್ ಸಾರು. ಸಿರ್ಕಾ ಸೌಟು ಹಿಡಿದು ನಿಂತಿದ್ದಳು. ಕಾಲೆವಿ ಚಮಚದಿಂದ ಲೋಟಕ್ಕೆ ಬಡಿದ. ರೈಮೊ ಟೋಪಿ ಧರಿಸಿ ಎದ್ದು ನಿಂತ.

ಕತ್ತಿನಿಂದ ಮೇಲಕ್ಕೆ ಕೆಂಪು ಏರಿತು. ಬಾಯಿ ತೆರೆಯಿತು. ನಾನು ಎದುರಿಗೇ ಕೂತಿದ್ದೆ, ನಾಲಿಗೆಯ ತುದಿಯಲ್ಲಿ ನಿಂತಿದ್ದ ಮೊದಲ ಮಾತು ನನಗೆ ಕಂಡಿತು. "ನಮ್ಮಪ್ಪ" ಎಂದಿರಬೇಕು. ಎನ್ಸಿಯೊ ಚಮಚ ಕೆಳಗಿಟ್ಟು, ಹಬ್ಬದ ಉಡುಗೊರೆ ಬಿಚ್ಚುವವನಂತೆ ಕೈ ಒರೆಸಿಕೊಂಡ.

ರೈಮೊ ಅವನನ್ನು ನೋಡಿದ. ಬಾಯಿ ಮುಚ್ಚಿದ. ಟೋಪಿ ತೆಗೆದು ಎದೆಗೆ ಹಿಡಿದು, ಮತ್ತೆ ಹಾಕಿಕೊಂಡು ಕೂತ.

ಪಾದ್ರಿಯ ಕಣ್ಣೀರು ಸಾರಿಗೆ ಬಿತ್ತು. ಈ ಸಭಾಂಗಣದಲ್ಲಿ ತಾನು ಕೇಳಿದ ಭಾಷಣಗಳಲ್ಲೆಲ್ಲ ಇದೇ ಶ್ರೇಷ್ಠ ಎಂದ ಕಾಲೆವಿ. ಎನ್ಸಿಯೊನ ಮುಖ ತಣ್ಣಗಾದ ಸಾರಿನ ಮೇಲಿನ ಕೊಬ್ಬಿನ ಹಾಗಾಯಿತು.

ಆದರೆ ಮನುಷ್ಯ ಬಿರಡೆ ಹಾಕಿದ ಸೀಸೆಯಲ್ಲ. ರೈಮೊನ ಒಳಗೆ ಭಾಷಣ ಕುದಿಯುತ್ತಿತ್ತು. ಅವನು ಎದ್ದು, ಹೊಟ್ಟೆ ಕೆಟ್ಟವನ ಅವಸರದಲ್ಲಿ ಹೊರಗೆ ಹೋಗಿ, ಸೌದೆ ಕೊಟ್ಟಿಗೆಯ ಹಿಂದೆ ನಿಂತು ಬೇಟೆಯ ಗುಂಪಿಗೆ ಕರೆ ಹಚ್ಚಿದ. ಏನು ಹೇಳಿದರೂ ಯಾರಿಗೂ ಕೇಳಿಸದ ಜಾಗ ಲೋಕದಲ್ಲಿ ಅದೊಂದೇ ಎಂದು ಅವನಿಗೆ ಈಗ ಗೊತ್ತಿತ್ತಲ್ಲ.

ಸಭಾಂಗಣದಲ್ಲಿ ಎಲ್ಲ ಜೇಬುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು. ಮುಖಂಡನ ಹೆಸರು ನೋಡಿ ಕಾಲೆವಿ ತನ್ನ ಫೋನನ್ನು ಮೇಜಿನ ಮೇಲಿಟ್ಟು, ಆ ಮೌನ ಎಲ್ಲರಿಗೂ ದಕ್ಕಲಿ ಎಂದು ಸ್ಪೀಕರ್ ಹಾಕಿದ. ನಾವು ಸಾರು ಕುಡಿಯುತ್ತಿದ್ದ ಹೊತ್ತಿನಲ್ಲೇ ಎಲ್ಲೋ ಒಂದು ಕಡೆ ಕಂಪನಿ ದಾರಿ ತೆರೆದಿತ್ತು.

ಧ್ವನಿ ಗಂಟೆಯಷ್ಟು ಸ್ಪಷ್ಟವಾಗಿ ಬಂತು. ಮೊದಲು ಅಪ್ಪ, ಆಮೇಲೆ ಪಿತ್ತಕೋಶ, ಅದಾದ ಮೇಲೆ ನಾವು. ಕಾಲೆವಿಯ ಮಂಡಿಗೆ ಏನೂ ಆಗಿಲ್ಲ, ಬರೀ ಸೋಮಾರಿತನ. ಉಂಟೊ ಕೊಟ್ಟ ಮೀನು ನಾರುತ್ತಿತ್ತು. ಪಾದ್ರಿಯ ಪ್ರವಚನ ಕೇಳಿದರೆ ಸೈತಾನನಿಗೂ ನಿದ್ದೆ ಬರುತ್ತದೆ. ಚಮಚಗಳು ಗಾಳಿಯಲ್ಲೇ ನಿಂತವು. ಎನ್ಸಿಯೊ ಎದ್ದು ನಿಂತ. ಅವನ ಮುಖದಲ್ಲಿ ದೀಪ ಹತ್ತಿತ್ತು.

"ಕೇಳಿಸ್ಕೊಳ್ಳಿ. ಇದೇ ನಿಮ್ಮ ಮೌನಿ ಮುಖಂಡ," ಎಂದ.

ಕಾಲೆವಿ ಫೋನನ್ನು ಬಹಳ ಹೊತ್ತು ನೋಡಿದ. "ಯಾರಿದು?" ಎಂದ.

"ರೈಮೊ, ಮತ್ಯಾರು?"

"ರೈಮೊ ಹೀಗೆ ಮಾತಾಡಲ್ಲ," ಎಂದ ಉಂಟೊ.

ಪಾದ್ರಿ ಅದಕ್ಕೆ ದನಿಗೂಡಿಸಿದರು. ವಾರಕ್ಕೆರಡು ಸಲ ತಾನು ರೈಮೊನ ಜೊತೆ ಮನಬಿಚ್ಚಿ ಮಾತಾಡಿದ್ದೇನೆ, ಅವನು ಒಂದು ಮಾತೂ ಆಡಿದ್ದಿಲ್ಲ ಎಂದರು. ಈಗೆಲ್ಲ ಮೋಸದ ಕರೆಗಳು ಬರುತ್ತವಂತೆ, ಯಂತ್ರವೇ ಯಾರ ಧ್ವನಿಯಲ್ಲಾದರೂ ಮಾತಾಡುತ್ತದಂತೆ, ರೇಡಿಯೋದಲ್ಲಿ ಹೇಳಿದ್ದರು ಎಂದ ಕಾಲೆವಿ. ಎನ್ಸಿಯೊ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಹಂಡೆಯ ಕಡೆ ಕೈ ತೋರಿಸಿದ.

"ಅಕ್ಕನ್ನ ಕೇಳಿ. ಗಂಡನ ಧ್ವನಿ ಹೆಂಡತಿಗೆ ಗೊತ್ತಾಗಲ್ವಾ?"

ನ್ಯಾಯವಾದ ಮಾತು. ಊರೆಲ್ಲ ಸಿರ್ಕಾಳ ಕಡೆ ತಿರುಗಿತು. ಅವಳು ಸೌಟನ್ನು ಹಂಡೆಗೆ ಒರಗಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡು, ಬಂದು ಫೋನಿನ ಮೇಲೆ ಬಗ್ಗಿದಳು. ಧ್ವನಿ ಅದೇ ಹೊತ್ತಿಗೆ ಹೊಸ ವಿಷಯಕ್ಕೆ ಬಂದಿತ್ತು.

"ಇನ್ನು ಆ ಅಡುಗೆಮನೆ. ಆ ಹಳದಿ. ಅಲ್ಲಿ ಕೂತು ಕಾಫಿ ಕುಡಿಯೋದು ಅಂದ್ರೆ ಕಾಮಾಲೆ ಬಂದ ಬಾತುಕೋಳಿ ಹೊಟ್ಟೆಯೊಳಗೆ ಕೂತ ಹಾಗೆ. ನನ್ನ ಹೆಂಡತಿಗೆ ಬಣ್ಣದ ವಿಷಯದಲ್ಲಿ ಕಣ್ಣೇ ಇಲ್ಲ."

ಸಿರ್ಕಾಳ ಕಿವಿ ಕೆಂಪಾಯಿತು. ಅವಳು ಕಿಟಕಿಯಾಚೆ ನೋಡಿದಳು. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಕೊಂಬಿನ ಬಿಲ್ಲೆಯ ಟೋಪಿ ಭಾವಾವೇಶದಿಂದ ಅಲ್ಲಾಡುತ್ತಿತ್ತು. ಅವಳು ಕುಳಿತಿದ್ದವರನ್ನೂ ಬಾಯಿ ತೆರೆದು ನಿಂತಿದ್ದ ತಮ್ಮನನ್ನೂ ನೋಡಿದಳು.

"ರಾಂಗ್ ನಂಬರು," ಎಂದು ಕೆಂಪು ಗುಂಡಿ ಒತ್ತಿದಳು.

ಸ್ವಲ್ಪ ಹೊತ್ತಿನಲ್ಲಿ ರೈಮೊ ಒಳಗೆ ಬಂದ. ಅವನ ಮುಖ ಮಳೆ ಸುರಿಸಿ ಹಗುರಾದ ಮೋಡದ ಹಾಗಿತ್ತು. ಜನ ಗೌರವದಿಂದ ದಾರಿ ಬಿಟ್ಟರು. ಎನ್ಸಿಯೊ ಕೋಟು ಹಾಕಿ ಹೊರಟುಹೋದ. ರೈಮೊ ಹಂಡೆಯ ಬಳಿ ಹೋಗಿ ಮಾತಿಲ್ಲದೆ ಬಟ್ಟಲು ಚಾಚಿದ. ಸಿರ್ಕಾ ಸೌಟನ್ನು ಆಳಕ್ಕೆ ಇಳಿಸಿ, ಬಹಳ ಹೊತ್ತು ಹುಡುಕಿ, ಬಟ್ಟಲು ತುಂಬ ಬಡಿಸಿದಳು.

ಅದರಲ್ಲಿ ಒಂದು ಚೂರೂ ಮಾಂಸವಿರಲಿಲ್ಲ. ಬರೀ ಆಲೂಗಡ್ಡೆ.

ರೈಮೊ ಬಟ್ಟಲು ನೋಡಿದ. ಹೆಂಡತಿಯನ್ನು ನೋಡಿದ. ಬಾಯಿ ತೆರೆದ. ಹಿಂದೆ ಇಡೀ ಊರು ಚಮಚ ಕೆಳಗಿಟ್ಟು ಅವನನ್ನೇ ನೋಡುತ್ತಿತ್ತು.

ಬಾಯಿ ಮುಚ್ಚಿಕೊಂಡು ಆಲೂಗಡ್ಡೆ ತಿಂದ.